ಮೆಲ್ಲಗೆ ಕೆಂಪೇರಿದ ಗೋಡೆ

ಆ ಊರಿನಲ್ಲಿ ಗೋಡೆಗೆ ಬಣ್ಣ ಬಳಿಯುವವರು ಯಾರೂ ಇರಲಿಲ್ಲ, ಬಣ್ಣ ಬರೆಯುವವರಿದ್ದರು. ಮನೆಯವರ ಎದೆಬಡಿತ ಹೀಗಿದ್ದರೆ ಈ ಬಣ್ಣ, ಹಾಗಿದ್ದರೆ ಆ ಬಣ್ಣ ಎಂದು ನಾಲ್ಕು ಸಾಲು ಸ್ಕ್ರಿಪ್ಟ್ ಬರೆದರೆ ಸಾಕು, ಮನೆಯ ಮುಂದಿನ ಗೋಡೆ ತಾನೇ ಬದಲಾಗುತ್ತಿತ್ತು. ಆ ಕಸುಬಿನಲ್ಲಿ ವಾರಿಜಾಳದು ಎತ್ತಿದ ಕೈ.

ಅವಳ ಅಕ್ಕ ಇಂದುಮತಿಗೆ ಎದೆಯ ಕಾಯಿಲೆ. ಬಡಿತ ತಪ್ಪಿದರೆ ಹಳದಿ ಗೋಡೆ ಥಟ್ಟನೆ ಕೆಂಪಾಗಲಿ ಎಂದು ವಾರಿಜಾಳೇ ಬರೆದಿದ್ದಳು. ಕೆಂಪು ಕಂಡರೆ ಬೀದಿಗೆ ಬೀದಿಯೇ ಓಡಿ ಬರುತ್ತಿತ್ತು.

"ಮೆಟ್ಟಿಲು ಹತ್ತಿದರೂ ಕೆಂಪಾಗ್ತದೆ ಕಣೇ. ಜನರ ಮುಂದೆ ನಾಚಿಕೆ," ಎಂದು ಅಕ್ಕ ಗೊಣಗಿದಳು.

ವಾರಿಜಾಳ ಕಣ್ಣಿಗೂ ಆ ಜಿಗಿತ ಒಗ್ಗಿರಲಿಲ್ಲ. ಕಸುಬುದಾರಳ ಚಪಲ! ಬಣ್ಣ ಬದಲಾಗಲು ಒಂದು ಗಂಟೆ ಹಿಡಿಯಲಿ ಎಂದು ಇನ್ನೊಂದು ಸಾಲು ಸೇರಿಸಿದಳು. ಬಡಿತ ನೆಟ್ಟಗಾದರೆ ಗೋಡೆ ಅರ್ಧದಲ್ಲೇ ಹಳದಿಗೆ ಮರಳುತ್ತಿತ್ತು. ಸಂಜೆಯ ಮುಗಿಲಿನ ಹಾಗಿದೆ ಎಂದು ಎಲ್ಲರೂ ಹೊಗಳಿದರು.

ಒಂದು ಮಧ್ಯಾಹ್ನ ಅವಳು ಕೆಲಸದಿಂದ ಬಂದಾಗ ಅಕ್ಕನ ಉಸಿರು ನಿಂತುಹೋಗಿತ್ತು. ಎದುರುಮನೆಯ ಜುಲೇಖಾಬಿ ಬೆಳಗಿನಿಂದ ತಮ್ಮ ಜಗಲಿಯಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು.

"ಗೋಡೆ ನೋಡ್ತಾನೇ ಇದ್ದೆನಮ್ಮ," ಎಂದು ಅವರು ಅತ್ತರು. "ಹಳದಿ ಯಾವಾಗ ಕೇಸರಿಗೆ ತಿರುಗಿತೋ ಗೊತ್ತೇ ಆಗಲಿಲ್ಲ. ಅಷ್ಟು ಚಂದ ಬರೆದಿದ್ದೀಯ."

ವಾರಿಜಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ಗಂಟೆ ತುಂಬಿತು. ಗೋಡೆ ಪೂರ್ತಿ ಕೆಂಪಾಯಿತು. ಬೀದಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡೋಡಿ ಬಂದರು.