ಅಂಗಿ ಕೊಡವಿದ ಹೊತ್ತು

ಹಿಂಬಾಗಿಲಲ್ಲಿ ನಿಂತು ಹೆಂಡತಿ ಅವನ ಕೆಲಸದ ಅಂಗಿಯನ್ನು ಪಟಪಟನೆ ಕೊಡವಿದಳು. ಸಂಜೆಬಿಸಿಲಿನಲ್ಲಿ ಬಿಳಿ ಪುಡಿ ಹೊಗೆಯ ಹಾಗೆ ಎದ್ದು, ಅವಳ ಹುಬ್ಬಿನ ಮೇಲೆ, ತುಟಿಯ ಮೇಲೆ ಮೆಲ್ಲಗೆ ಇಳಿಯಿತು. ಸೈಕಲ್ ಟ್ಯೂಬುಗಳು ಒಂದಕ್ಕೊಂದು ಅಂಟದಿರಲೆಂದು ಕಾರ್ಖಾನೆಯಲ್ಲಿ ಅವನು ದಿನವಿಡೀ ಸವರುವ ಟಾಲ್ಕ್ ಪುಡಿ ಅದು. ಕೊಡವದೆ ನೆನೆಸಿದರೆ ಬಕೆಟ್ಟಿನ ನೀರೆಲ್ಲ ಹಾಲಿನಂತಾಗುತ್ತದೆಂದು ಹತ್ತೊಂಬತ್ತು ವರ್ಷಗಳಿಂದ ಅವಳು ಹೀಗೆಯೇ ಮಾಡುತ್ತಿದ್ದಳು.

“ನಿಮ್ಮನ್ನ ಕಟ್ಕೊಂಡ ಮೇಲೆ ಪೌಡರ್ ಡಬ್ಬಿ ಕೊಂಡಿದ್ದೇ ಇಲ್ಲ ನೋಡಿ,” ಎಂದು ನಕ್ಕಳು. ನಗು ಕೆಮ್ಮಿನಲ್ಲಿ ಮುಗಿಯಿತು.

ಅವನೂ ಖುಷಿಯಲ್ಲೇ ಮನೆಗೆ ಬಂದಿದ್ದ. ಕಾರ್ಖಾನೆಗೆ ತಪಾಸಣೆಗೆ ಬಂದ ಡಾಕ್ಟರು ಅವನ ಎಕ್ಸ್‌ರೇ ನೋಡಿ, ಎದೆ ಕನ್ನಡಿ ಇದ್ದ ಹಾಗಿದೆ ಎಂದಿದ್ದರು. ಒಂದು ದಿನವೂ ಮಾಸ್ಕ್ ಬಿಟ್ಟವನಲ್ಲ ಎಂದು ಇವನು ಬೀಗಿದ್ದ.

“ಈ ಬಟ್ಟೆ ಎಲ್ಲಿ ಒಗೀತೀರಿ?” ಎಂದು ಅವರು ಕೇಳಿದ್ದರು.

“ಮನೇಲೇ ಸಾರ್. ನಮ್ಮನೆಯವಳು ಚೆನ್ನಾಗಿ ಕೊಡವಿ ಒಗೀತಾಳೆ.”

ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತ್ತು. “ನಾಳೆ ಅವರನ್ನೂ ಕರ್ಕೊಂಡು ಬನ್ನಿ,” ಎಂದಿದ್ದರು. ಕಂಪನಿಯ ಇನ್ನೊಂದು ಸವಲತ್ತಿರಬೇಕು ಎಂದುಕೊಂಡು ಅವನು ತಲೆಯಾಡಿಸಿದ್ದ.

“ನಾಳೆ ಡಾಕ್ಟರು ನಿನ್ನನ್ನೂ ನೋಡ್ತಾರಂತೆ,” ಎಂದ ಈಗ.

“ನನಗೇನಾಗಿದೆ? ಈ ಹಾಳು ಕೆಮ್ಮೊಂದು ಬಿಟ್ರೆ,” ಎನ್ನುತ್ತ ಅವಳು ಪ್ಯಾಂಟನ್ನು ಕೈಗೆತ್ತಿಕೊಂಡಳು.

ನಿಂತುಹೋದ ಆ ಪೆನ್ನು ಅವನ ಕಣ್ಣ ಮುಂದೆ ಬಂತು. ಕೊಡವಬೇಡ ಎನ್ನಲು ಗಾಬರಿಯಿಂದ ಕೈ ಎತ್ತಿದ. ಅಷ್ಟರಲ್ಲಿ ಪುಡಿ ಎದ್ದಿತು. ಎತ್ತಿದ ಕೈ, ಹತ್ತೊಂಬತ್ತು ವರ್ಷಗಳ ಅಭ್ಯಾಸದಂತೆ, ನೇರವಾಗಿ ಹೋಗಿ ಅವನ ಮೂಗನ್ನೇ ಮುಚ್ಚಿಕೊಂಡಿತು.