ಬೆನ್ನ ಮೇಲಿನ ಹೆಸರು

ರೊಟ್ಟಿ ತಟ್ಟುತ್ತಿದ್ದ ಶೇಖರಮ್ಮನ ಬೆನ್ನ ಮೇಲೆ ಮಗಳು ನೀಲವ್ವನ ಬೆರಳು ನೆಟ್ಟಗೆ ಕೆಳಗಿಳಿಯಿತು.

“ಏನಬೇ ಅದು?”

“ಅಲಿಫ್, ಯವ್ವಾ. ಉರ್ದುದ ಮೊದಲನೇ ಅಕ್ಷರ. ಸಾಲ್ಯಾಗ ಪಾಟಿ ಇಡಾಕ ಜಾಗಾ ಇಲ್ಲ. ಮುಂದ ಕುಂತಾಕಿ ಬೆನ್ನಮ್ಯಾಲೆ ಬರೀರಿ ಅಂದಾರ ಮಾಸ್ತರು.”

ಹೊಸ್ತಿಲಲ್ಲಿ ಕುಳಿತಿದ್ದ ಗಂಡ ಕೊಟ್ರಪ್ಪ ನಕ್ಕ. “ಒಬ್ಬ ಮಾಸ್ತರಗ ತೊಂಬತ್ತು ಹುಡುಗ್ರು! ಇದಕ್ಕಿಂತ ನಮ್ಮ ಕುರಿಹಟ್ಟಿ ಛಲೋ. ನೀ ಹೇಳಿದ್ದ ಖರೆ, ನಾಳಿಂದ ಸಾಲಿ ಬಿಡಸೂಣು.”

ಬೆಳಿಗ್ಗೆ ಹಾಗೆಂದವಳು ಶೇಖರಮ್ಮನೇ. ಈಗ ಬೆರಳು ಮತ್ತೆ ಬಂತು, ಈ ಸಲ ಸುತ್ತಿ ಬಳಸಿ, ನಿಧಾನವಾಗಿ.

“ಇದು ಕನ್ನಡ. ನಿನ್ನ ಹೆಸರು. ಅಳ್ಳಾಡಬ್ಯಾಡ.”

ಅವಳ ಹೆಸರನ್ನು ಈವರೆಗೆ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು.

“ಏನಂತಿ? ಬಿಡಸೂಣೋ ಬ್ಯಾಡೋ?” ಎಂದ ಕೊಟ್ರಪ್ಪ.

ಶೇಖರಮ್ಮ ಕೂತಲ್ಲಿಂದಲೇ ಕೈ ಚಾಚಿ ರೊಟ್ಟಿ ಮಗುಚಿದಳು. ಬೆನ್ನು ಮಾತ್ರ ಅಲುಗಿಸಲಿಲ್ಲ.

“ತಡೀರಿ,” ಎಂದಳು, “ಇನ್ನೂ ಬರ್ಯಾಕತ್ಯಾಳ.”