ನಾಲ್ಕೂ ಒಟ್ಟಿಗೆ

ಬಂತು! ಬೆರಳ ತುದಿಗಳೆಲ್ಲ ಕೆಂಪಾದ ಮೇಲೆ, ಮೊಮ್ಮಗಳ ನಾಲ್ಕು ತಂತಿಯ ಪುಟ್ಟ ಗಿಟಾರು, ಯುಕುಲೇಲಿಯಲ್ಲಿ, ನಾಲ್ಕು ಸ್ವರ ಒಟ್ಟಿಗೆ ನುಡಿಸುವ ಆ ಕಷ್ಟದ ಕಾರ್ಡು ಇವತ್ತು ನನ್ನ ಕೈಗೆ ಬಂತು.

"ಇದು ಅಪಸ್ವರ ಅಲ್ವೇನೇ?" ಎಂದೆ.

"ಅರೆ ಅಜ್ಜಿ, ಅದೇ ತೋ ಜ್ಯಾಝ್!" ಎಂದಳು.

ಹುಳಿ ಸಿಹಿ ಬೆರೆತ ಈ ದನಿಯನ್ನು ನಾನು ಮೊದಲೇ ಕೇಳಿದ್ದೆ. ಚಿಕ್ಕವಳಿದ್ದಾಗ, ಇದೇ ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ, ಒಂದು ಮಧ್ಯಾಹ್ನ ಸೋದರತ್ತೆ ನನಗೆ ಭಜನೆಗೆಂದು ಹಾರ್ಮೋನಿಯಂ ಕಲಿಸುತ್ತಿದ್ದರು. ಒಂದು ಸಲಕ್ಕೆ ಒಂದೇ ಸ್ವರ ನುಡಿಸಬೇಕೆಂದು ಅವರು ಹೇಳಿದ್ದರು. ನಾನು ಬೇಕೆಂದೇ ನಾಲ್ಕು ಬೆರಳನ್ನೂ ಒಟ್ಟಿಗೆ ಒತ್ತಿದೆ. ಕೋಣೆಯೆಲ್ಲ ಗುಂಯ್ ಎಂದಿತು, ನನ್ನ ಮೈ ಜುಮ್ಮೆಂದಿತು.

"ಇದೇನೇ, ಬೆಕ್ಕುಗಳ ಜಗಳ! ಒಂದೊಂದೇ ಒತ್ತು. ಇಲ್ಲದಿದ್ದರೆ ಇನ್ನು ಪೆಟ್ಟಿಗೆ ಮುಟ್ಟಬೇಡ."

"ನನಗೆ ಹೀಗೇ ಚೆನ್ನಾಗಿದೆ ಅತ್ತೆ."

ಮತ್ತೆ ಒತ್ತಿದೆ. ಅತ್ತೆ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟು ಮುಚ್ಚಳ ಹಾಕಿದರು. ಬಿಸಿಲಿಗೆ ಬೆಚ್ಚಗಾಗಿದ್ದ ಆ ಮುಚ್ಚಳದ ಮೇಲೆಯೇ ನಾಲ್ಕೂ ಬೆರಳು ಊರಿ ಕೂತೆ. ಆಮೇಲೆ ನನಗೆ ಯಾರೂ ಆ ಪೆಟ್ಟಿಗೆ ಕೊಡಲಿಲ್ಲ.

ಈಗ ಇಲ್ಲಿ ಮಯೂರ್ ವಿಹಾರದಲ್ಲಿ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡ ಸದ್ದಾಯಿತು.

"ಅಜ್ಜಿ, ಮೆಲ್ಲಗೆ," ಎಂದಳು ಮೊಮ್ಮಗಳು.

ಮುಚ್ಚಿಕೊಳ್ಳಲಿ ಬಿಡೇ ಎಂದು, ಇನ್ನಷ್ಟು ಜೋರಾಗಿ ಮೀಟಿದೆ.